ನಮ್ ಸಾರ್ ಬಿಟ್ಟ ಮೀನಿನ ತೂಕ

ನಮ್ ಸಾರ್ ತೀರ್ಕೊಂಡು ಮೂರು ತಿಂಗಳಾಯ್ತು ಕಣ್ರೀ, ಆದ್ರೂ ಅವರ ದೆಸೆಯಿಂದ ಆಗೋ ಎಡವಟ್ಟುಗಳು ಇನ್ನೂ ನಿಂತಿಲ್ಲ. ಮೊನ್ನೆ ಪೆಟ್ರೋಲ್ ಬಂಕಲ್ಲಿ ಸ್ಕೂಟರ್ ಸೀಟ್ ಎತ್ತಿ ಒಳಗೆ ಕೈ ಹಾಕಿದೆ, ಚುರ್ ಅಂತು. ನೋಡಿದ್ರೆ ಹೆಬ್ಬೆರಳಲ್ಲಿ ಗಾಳ! ಮೀನು ಹಿಡಿಯೋ ಗಾಳ! ಹಿಂದಿನೋರು ಹಾರ್ನ್ ಮೇಲೆ ಹಾರ್ನ್ ಹೊಡೀತಿದಾರೆ, ನಾನು ಒಂದ್ ಕೈನ ಸೀಟಡಿ ಇಟ್ಕೊಂಡು ಕುಣೀತಿದೀನಿ, ಬಂಕಿನವನು ನಿಧಾನಕ್ಕೆ ಕೇಳ್ತಾನೆ, ‘ಎಷ್ಟಕ್ಕೆ ಹಾಕ್ಲಿ ಅಣ್ಣ?’ ಬದುಕಿದ್ದಾಗ ಮೂರು ಗಂಟೆ ಕೂತ್ರೂ ಸಾರ್‌ಗೆ ಒಂದು ಮೀನು ಸಿಗ್ತಿರ್ಲಿಲ್ಲ. ಹೋದ ಮೇಲೆ ನೋಡಿ, ಒಂದೇ ಏಟಿಗೆ ನನ್ನನ್ನ ಹಿಡಿದ್ಬುಟ್ರು.

ಅವರಿಗೆ ಅರವತ್ತೇಳು, ನಂಗೆ ಇಪ್ಪತ್ತಾರು. ಫ್ರೆಂಡ್ಸು ಅಂದ್ರೆ ಜನ ನಗ್ತಾರೆ. ನಗ್ಲಿ ಬಿಡಿ, ನಗೋ ಥರದ್ದೇ ಎಲ್ಲ ಆಗಿರೋದು.

ಇಂಗಿನ ವಾಸನೆ ಫೋನು

ದೇವರಾಜ ಮೊಹಲ್ಲಾದಲ್ಲಿ ನಂದೊಂದು ಮೊಬೈಲ್ ರಿಪೇರಿ ಅಂಗಡಿ. ಅಂಗಡಿ ಅಂದ್ರೆ ಎರಡು ಅಂಗಡಿ ಮಧ್ಯ ಇದ್ದ ಸಂದಿಗೆ ಶಟರ್ ಹಾಕಿರೋದು ಅಷ್ಟೇ. ಒಂದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳೀ ಶರ್ಟು, ಹಣೇಲಿ ಗಂಧ, ಕಿವೀಲಿ ಹೂವು ಇಟ್ಕೊಂಡು ಒಬ್ರು ಬಂದ್ರು. ತಾತನ ಕಾಲದಲ್ಲಿ ಅರಮನೇಲಿ ಲೆಕ್ಕ ಬರೀತಿದ್ದ ಮನೆತನ, ಇವರು ಸರ್ವೆ ಆಫೀಸಲ್ಲಿದ್ದು ರಿಟೈರ್ ಆದೋರು. ಇದೆಲ್ಲ ಆಮೇಲೆ ಗೊತ್ತಾಗಿದ್ದು. ಅವತ್ತು ಅವರು ಹೇಳಿದ್ದು ಇಷ್ಟೇ, ‘ಚಾರ್ಜ್ ಆಗ್ತಿಲ್ಲಪ್ಪ.’

ಚಾರ್ಜರ್ ಹಾಕೋ ತೂತಿಗೆ ಪಿನ್ ಹಾಕಿ ಕೆದಕಿದೆ. ಬೆಳ್ಳಗೆ, ಶ್ಯಾವಿಗೆ ಥರ ಏನೋ ಬಂತು. ಇನ್ನೊಂಚೂರು ಕೆದಕಿದೆ, ಇನ್ನೊಂಚೂರು ಬಂತು. ಮೂಸಿ ನೋಡಿದ್ರೆ ತುಪ್ಪ! ಇಂಗು!

‘ಸಾರ್, ಫೋನಿಗೆ ಊಟ ಮಾಡ್ಸಿದೀರಾ?’

ಅವರು ಆ ಕಡೆ ನೋಡಿದ್ರು, ಈ ಕಡೆ ನೋಡಿದ್ರು, ಕೌಂಟರ್ ಮೇಲೆ ಬಗ್ಗಿ ಮೆಲ್ಲಗೆ ಅಂದ್ರು, ‘ಎರೆ ಕಣಪ್ಪ. ಮೀನಿಗೆ. ಜೇಬಲ್ಲಿ ಎರಡೂ ಒಟ್ಟಿಗಿತ್ತು.’

ನಾನು ಅವರ ಹಣೆ ಗಂಧ ನೋಡಿದೆ, ಪಿನ್ ತುದೀಲಿದ್ದ ಹಿಟ್ಟು ನೋಡಿದೆ. ‘ಎರೆಹುಳ ಹಾಕ್ತಾರಲ್ವಾ ಸಾರ್?’

‘ಛೇ ಛೇ! ಹುಳಕ್ಕೆ ಜೀವ ಇಲ್ವೇನೋ? ಇದು ಗೋಧಿಹಿಟ್ಟು, ತುಪ್ಪ, ಚಿಟಿಕೆ ಇಂಗು. ಈರುಳ್ಳಿ ಬೆಳ್ಳುಳ್ಳಿ ಏನೂ ಹಾಕಿಲ್ಲ.’

‘ಈರುಳ್ಳಿ ಹಾಕಿದೀರಾ ಅಂತ ಮೀನು ಕೇಳುತ್ತಾ?’

‘ಮೀನು ಕೇಳಲ್ಲ. ಹಿಟ್ಟು ಮನೇಲಿ ಕಲ್ಸೋದು ನೋಡು, ಮನೆಯವ್ರು ಕೇಳ್ತಾರೆ.’

ನಾನು ಸುಮ್ನಿರೋ ಜಾಯಮಾನದವನಲ್ಲ. ‘ನಮ್ಮೂರು ಇಲವಾಲ ಸಾರ್, ನಮ್ ಹೊಲದ ಪಕ್ಕದಲ್ಲೇ ಕೆರೆ ಇದೆ, ಯಾರೂ ಏನೂ ಅನ್ನಲ್ಲ’ ಅಂದ್ಬುಟ್ಟೆ. ಬಾಯಿಮಾತಿಗೆ ಅಂದಿದ್ದು ಕಣ್ರೀ! ಭಾನುವಾರ ಬೆಳಿಗ್ಗೆ ಆರಕ್ಕೆ ನಮ್ಮವ್ವ ಬಾಗಿಲು ತೆಗೆದ್ರೆ ಜಗಲಿ ಮೇಲೆ ಕೂತವ್ರೆ, ಗಂಧ ಹಚ್ಕೊಂಡು. ನಮ್ಮವ್ವ ಒಳಗೆ ಓಡಿಬಂದು ನನ್ನ ಎಬ್ಬಿಸಿದ್ಲು. ‘ಏಳ್ಲಾ, ಯಾರ್ ಮನೇದೋ ತಿಥಿಗೆ ದಾರಿ ತಪ್ಪಿ ಅಯ್ನೋರು ನಮ್ಮನೇಗೆ ಬಂದವ್ರೆ!’

ಪರದೆ ರಾಡು

ಸಾರ್ ಮನೇಲಿ ಹೇಳಿದ್ದೇನು ಗೊತ್ತಾ? ಭಾನುವಾರ ಇಲವಾಲದಲ್ಲಿ ಸಹಸ್ರನಾಮ ಪಾರಾಯಣ ಇದೆ ಅಂತ.

‘ಸುಳ್ಳು ಹೇಳ್ತೀರಲ್ಲ ಸಾರ್’ ಅಂದ್ರೆ, ‘ಸುಳ್ಳೆಲ್ಲಿ ಬಂತೋ? ಕೆರೆ ಮುಂದೆ ಕೂತು ಮನಸ್ಸಲ್ಲೇ ಪಾರಾಯಣ ಮಾಡ್ತೀನಿ. ಮೀನು ಕಚ್ಚಿದಾಗ ಮಾತ್ರ ಒಂದೆರಡು ನಾಮ ಬಿಟ್ಟುಹೋಗುತ್ತೆ’ ಅಂತಿದ್ರು.

ಮೀನು ಹಿಡಿಯೋ ಕೋಲು ನನ್ನ ಅಂಗಡೀಲೇ ಇರ್ತಿತ್ತು. ಸಾದಾ ಬಿದಿರುಕೋಲಲ್ಲ, ಎಳೆದ್ರೆ ಒಂದರೊಳಗಿಂದ ಒಂದು ಬಂದು ಉದ್ದ ಆಗೋ ರಾಡು. ಒಂದ್ ಭಾನುವಾರ ಅದನ್ನ ಸ್ಕೂಟರಲ್ಲಿ ಹಿಡ್ಕೊಂಡು ಸಾರ್ ಹಿಂದೆ ಕೂತಿದಾರೆ, ಸಿಗ್ನಲ್ ಬಿತ್ತು, ಪಕ್ಕಕ್ಕೆ ಇನ್ನೊಂದು ಸ್ಕೂಟರ್ ಬಂತು. ಅದರ ಮೇಲೆ ಯಾರು? ಸಾರ್ ಮನೆ ಪುರೋಹಿತರು!

‘ಏನ್ರೀ ಅದು, ಕೈಯಲ್ಲಿ?’

ಸಾರ್ ಕಣ್ಣು ಮಿಟುಕಿಸ್ದೇ ಅಂದ್ರು, ‘ಪರದೆ ಹಾಕೋ ರಾಡು.’

‘ಅರೆ! ನಮ್ಮನೆ ದೇವರಕೋಣೆಗೆ ಪರದೆ ಹಾಕಿ ಅಂತ ನಮ್ಮನೆಯವಳು ಆರು ತಿಂಗಳಿಂದ ಪ್ರಾಣ ತಿಂತಿದಾಳೆ! ಬನ್ನಿ ಬನ್ನಿ, ಇಲ್ಲೇ ಮನೆ, ಅಳತೆ ಸರಿಹೋಗುತ್ತಾ ನೋಡೋಣ.’

ಅಳತೆ ಸರಿ ಹೋಯ್ತು! ಎಳೆದಷ್ಟು ಉದ್ದ ಆಗೋ ರಾಡು, ಸರಿ ಹೋಗದೆ ಇನ್ನೇನು? ನಾನೇ ಸ್ಟೂಲ್ ಹತ್ತಿ ಮೊಳೆ ಹೊಡೆದೆ. ದೇವರಕೋಣೆ ಬಾಗಿಲಿಗೆ ಕೇಸರಿ ಪರದೆ ಬಂತು, ಕಾಫಿ ಬಂತು. ಪುರೋಹಿತರು ರಾಡು ಬಗ್ಗಿಸಿ ಬಗ್ಗಿಸಿ ನೋಡ್ತಾರೆ. ‘ಎಷ್ಟು ಬಾಗುತ್ತೆ ನೋಡ್ರೀ! ಮುರಿಯಲ್ವಲ್ಲ! ಇದು ಇಲ್ಲೇ ಇರ್ಲಿ, ನೀವು ಇನ್ನೊಂದು ತಗೊಳಿ.’ ಮನೆ ಪುರೋಹಿತರಿಗೆ ಇಲ್ಲ ಅನ್ನೋಕಾಗುತ್ತಾ? ಸಾರ್ ಕಾಫಿ ಲೋಟ ಹಿಡ್ಕೊಂಡು ಆ ಪರದೇನೇ ನೋಡ್ತಾ ಕೂತಿದ್ರು, ಮಗಳನ್ನ ಗಂಡನ ಮನೇಗೆ ಬಿಟ್ಟು ಹೊರಟ ಅಪ್ಪನ ಥರ.

ಎಂಟು ದಿನ ಸರಿಯಾಗಿ ಊಟ ಮಾಡ್ಲಿಲ್ಲ ಪುಣ್ಯಾತ್ಮರು. ಒಂಬತ್ತನೇ ದಿನ ನಿಜವಾದ ಪರದೆ ರಾಡು ತಗೊಂಡು ಇಬ್ಬರೂ ಹೋದ್ವಿ. ಸಾರ್ ಹಜಾರದಲ್ಲಿ ಪುರೋಹಿತರನ್ನ ಕೂರಿಸ್ಕೊಂಡು, ತಮಗೆ ಯಾವತ್ತೋ ಮುಗಿದುಹೋದ ಸಾಡೇಸಾತಿ ಮತ್ತೆ ಬಂದಿದ್ಯಾ ಅಂತ ಕೇಳ್ತಾ ಕೂತ್ರು. ನಾನು ಒಳಗೆ ಸ್ಟೂಲ್ ಹತ್ತಿ ರಾಡು ಬದಲಾಯಿಸ್ಬುಟ್ಟೆ. ಯಾರಿಗೂ ಗೊತ್ತಾಗ್ಲಿಲ್ಲ!

ಮಾರನೇ ದಿನ ಪುರೋಹಿತರ ಫೋನು. ‘ಅಲ್ರೀ, ಮೊದಲು ಪರದೆ ಎಳೆದ್ರೆ ರಾಡೂ ಅದರ ಜೊತೆ ಪಕ್ಕದ ರೂಮಿನ ತನಕ ಬರ್ತಿತ್ತು. ಈಗ್ಯಾಕೋ ಬರ್ತಿಲ್ಲ, ಕೆಟ್ಟುಹೋಗಿದ್ಯಾ?’

ಅರಿಶಿನ ಹಚ್ಚಿದ ಮೀನು

‘ತಿನ್ನಲ್ಲ, ಮಾರಲ್ಲ, ಮತ್ಯಾಕ್ ಸಾರ್ ಹಿಡೀತೀರ?’ ಅಂತ ಕೇಳಿದ್ದೆ ಒಂದ್ಸಲ.

‘ಮೂವತ್ತೈದು ವರ್ಷ ಆಫೀಸಲ್ಲಿ ಫೈಲು ಎಳೆದೆ ಕಣೋ. ಆ ಕಡೆಯಿಂದ ಒಬ್ಬನಾದ್ರೂ ಎಳೀಲಿಲ್ಲ. ಇಲ್ಲಿ ಎಳೀತಾರೆ.’

ಹಿಡಿದಿದ್ದನ್ನೆಲ್ಲ ವಾಪಸ್ ಬಿಡೋರು. ಸುಮ್ನೆ ಬಿಡೋದಲ್ಲ, ಅದಕ್ಕೊಂದು ಶಾಸ್ತ್ರ. ಗಾಳ ಮೆಲ್ಲಗೆ ಬಿಡಿಸಿ, ಜೇಬಿಂದ ಚಿಕ್ಕ ಡಬ್ಬಿ ತೆಗೆದು, ಮೀನಿನ ತುಟಿಗೆ ಅರಿಶಿನ ಹಚ್ಚಿ, ‘ನಂಜಾಗ್ಬಾರ್ದಪ್ಪ’ ಅಂತ ಅದಕ್ಕೇ ಹೇಳಿ, ಎರಡೂ ಕೈಯಲ್ಲಿ ನೀರಿಗೆ ಬಿಡೋರು.

ಒಂದಿನ ಬೆಳಿಗ್ಗೆ ಏಳಕ್ಕೆ ಒಂದು ಗೆಂಡೆ ಬಂತು. ಅರಿಶಿನ ಹಚ್ಚಿದ್ರು, ಬಿಟ್ರು. ಏಳೂವರೆಗೆ ಇನ್ನೊಂದು ಬಂತು. ನೋಡಿದ್ರೆ ತುಟಿ ಹಳದಿ! ಅದೇ ಮೀನು! ಮತ್ತೆ ಹಚ್ಚಿದ್ರು, ಮತ್ತೆ ಬಿಟ್ರು. ಎಂಟಕ್ಕೆ ಮತ್ತೆ ಅದೇ! ಸಾರ್‌ಗೆ ಸಿಟ್ಟು ಬಂತು. ಮೀನನ್ನ ಮುಖದ ಹತ್ರ ಹಿಡ್ಕೊಂಡು ಬೈತಾರೆ, ‘ಬುದ್ಧಿ ಇಲ್ವಾ ನಿಂಗೆ? ಒಂದ್ಸಲ ಹೇಳಿದ್ರೆ ತಿಳಿಯಲ್ವಾ? ಮೂರು ಸಲ ಬಾಯಿ ಚುಚ್ಚಿಸ್ಕೊಂಡ್ಯಲ್ಲ!’

‘ನಿಮ್ಮನೆ ತುಪ್ಪದ ರುಚಿ ಹತ್ಬುಟ್ಟಿದೆ ಸಾರ್’ ಅಂದೆ ನಾನು.

ಇತ್ತ ನಮ್ಮವ್ವನ ಕಥೆ ಕೇಳಿ. ಗಂಡು ಮಕ್ಕಳು ಕೆರೆಗೆ ಹೋದವ್ರೆ ಅಂತ ಪ್ರತಿ ಭಾನುವಾರ ಮಸಾಲೆ ಅರೆದಿಟ್ಕೊಂಡು ಕಾಯೋಳು. ನಾವು ಕೈ ಬೀಸ್ಕೊಂಡು ಬರೋದು, ಆ ಮಸಾಲೆಗೆ ಬದನೇಕಾಯಿ ಬೀಳೋದು. ನಾನಂತೂ ಮೀನಿಗೆ ಸಾಯೋ ಮನುಷ್ಯ, ಸಾರ್ ಮುಖ ನೋಡ್ಕೊಂಡು ಸುಮ್ನಿದ್ದೆ. ಅವತ್ತು ಮೂರು ಸಲ ಸಿಕ್ಕಿ ಮೂರು ಸಲ ಬಿಟ್ಟ ಮೀನಿನ ಕಥೆ ಕೇಳಿ ಅವ್ವ ಸೌಟು ಕೆಳಗಿಟ್ಟು ಸಾರ್‌ನೇ ಕೇಳಿದ್ಲು, ‘ಅಲ್ಲ ಅಯ್ನೋರೇ, ಅರಿಶಿನದವರ್ಗೂ ನೀವೇ ಹಚ್ಬುಟ್ಟಿದ್ರಿ. ಉಪ್ಪು ಖಾರ ಒಂದು ನಂಗೆ ಬುಟ್ಟಿದ್ರೆ ಆಯ್ತಿರ್ಲಿಲ್ವಾ?’

ನಾಲ್ಕೇ ನಾಲ್ಕು

ಈಗ ಮುಖ್ಯವಾದ ಮೀನಿನ ವಿಷ್ಯಕ್ಕೆ ಬರ್ತೀನಿ. ಒಂದ್ ಭಾನುವಾರ ದಾರ ಜೋರಾಗಿ ಎಳೀತು. ಸಾರ್ ಎದ್ದು ನಿಂತ್ರು. ಚಪ್ಪಲಿ ಹೋಯ್ತು. ಪಂಚೆ ಹೋಗೋದ್ರಲ್ಲಿತ್ತು, ನಾನು ಹಿಡ್ಕೊಂಡೆ. ಮೊಣಕಾಲುದ್ದ ಕೆಸರಲ್ಲಿ ಇಬ್ಬರೂ ಇಪ್ಪತ್ತು ನಿಮಿಷ ಕುಸ್ತಿ ಆಡಿ ಕೊನೆಗೆ ಎತ್ತಿದ್ರೆ ಕಾಟ್ಲಾ! ಬೆಳ್ಳಿ ತಟ್ಟೆ ಥರ ಹೊಳೀತಿದೆ!

‘ಫೋಟೋ ತೆಗಿಯೋ! ಫೋಟೋ!’

ಸಾರ್ ಫೋನು ಹಿಟ್ಟು ತಿಂದು ಮಲಗಿತ್ತು. ನನ್ನ ಫೋನು ತೆಗೆದೆ. ಮೊಬೈಲ್ ಅಂಗಡಿ ಇಟ್ಕೊಂಡಿರೋ ನನ್ನ ಫೋನಲ್ಲಿ ಎಷ್ಟಿತ್ತು ಹೇಳಿ ಚಾರ್ಜು? ಒಂದು ಪರ್ಸೆಂಟು! ‘ಸ್ಮೈಲ್ ಸಾರ್’ ಅನ್ನೋಷ್ಟರಲ್ಲಿ ಅದು ಕಣ್ಮುಚ್ತು. ಸಾರ್ ಮಾತ್ರ ಇನ್ನೂ ಸ್ಮೈಲ್ ಮಾಡ್ತಾನೇ ಇದ್ರು.

ಅರಿಶಿನ ಹಚ್ಚಿ, ಇಬ್ಬರೂ ಕೈಕೊಟ್ಟು ಮೀನನ್ನ ಬಿಟ್ವಿ. ದಡದಲ್ಲಿ ಕೂತು ಸಾರ್ ಕೇಳಿದ್ರು, ‘ಎಷ್ಟಿರ್ಬೋದೋ?’

‘ನಾಲ್ಕು ಕೆಜಿ ಸಾರ್.’

‘ನಾಲ್ಕಾ! ಹನ್ನೆರಡು ಕಣೋ!’

ಇಲ್ಲಿ ಒಂದು ಮಾತು ಹೇಳ್ಬೇಕು. ನಮ್ಮಪ್ಪ ತರಕಾರಿ ಬೆಳೆದು ಮಾರ್ಕೆಟ್ಟಿಗೆ ಹಾಕ್ತಿದ್ದೋರು. ಕುಂಬಳಕಾಯಿ ಕೈಲೆತ್ತಿ ತೂಕ ಹೇಳಿದ್ರೆ ತಕ್ಕಡೀನೇ ತಲೆ ತಗ್ಗಿಸ್ಬೇಕು, ಅಂಥ ಕೈ. ಆಸ್ತಿ ಅಂತ ಬಿಟ್ಟುಹೋಗಿದ್ರೆ ಅದೊಂದು ಕೈ ನಂಗೆ ಬಿಟ್ಟುಹೋಗಿದಾರೆ. ತೂಕದ ವಿಷ್ಯದಲ್ಲಿ ನಾನು ಸುಳ್ಳು ಹೇಳಲ್ಲ. ಹೇಳೋಕೆ ಬರೋದೇ ಇಲ್ಲ ಕಣ್ರೀ!

ಆದ್ರೆ ಸಾರ್‌ಗೆ ಇದ್ದ ಸಾಕ್ಷಿ ನಾನೊಬ್ಬನೇ. ಅಂಗಡಿ ಎದುರು ಟೀ ಕುಡಿಯೋಕೆ ಅವರ ರಿಟೈರ್ಡ್ ಗೆಳೆಯರು ಬರೋರು, ಅವರಿಗೆ ಮಾತ್ರ ಈ ಮೀನಿನ ಗುಟ್ಟು ಗೊತ್ತು. ದಿನಾ ಅದೇ ಪಂಚಾಯ್ತಿ. ‘ಹನ್ನೆರಡು ಕೆಜಿ! ಬೇಕಾದ್ರೆ ಇವನನ್ನ ಕೇಳಿ’ ಅಂತ ಸಾರ್ ನನ್ನ ಕಡೆ ಕೈ ತೋರಿಸೋರು. ಎಲ್ಲ ಟೀ ಲೋಟ ಹಿಡ್ಕೊಂಡು ನನ್ನ ಬಾಯಿ ನೋಡೋರು. ನಾನು ಪಿನ್ ಕೆಳಗಿಟ್ಟು, ‘ನಾಲ್ಕು’ ಅನ್ನೋನು. ಬೆಂಚಿಗೆ ಬೆಂಚೇ ನಗೋದು. ಮಸಾಲೆದೋಸೆ ಕೊಡಿಸಿದ್ರು, ನಾಲ್ಕು ಅಂದೆ. ವಾರ ಮಾತು ಬಿಟ್ರು, ಆಗ್ಲೂ ನಾಲ್ಕು ಅಂದೆ. ‘ಹೋಗ್ಲಿ, ನೀರಲ್ಲಿ ನೆಂದಿತ್ತಲ್ವೇನೋ, ಅದನ್ನ ಸೇರ್ಸು’ ಅಂದ್ರು. ಮೀನು ನೀರಲ್ಲಿ ನೆನೆಯದೆ ಬಿಸಿಲಲ್ಲಿ ಒಣಗ್ತಾ ಇರುತ್ತಾ ಸಾರ್?

ಆಮೇಲೆ ಎದೆನೋವು ಅಂತ ಆಸ್ಪತ್ರೆ ಸೇರಿದ್ರು. ನೋಡೋಕೆ ಹೋದೆ. ಮೂಗಿಗೆ ಪೈಪು, ಕೈಗೆ ಡ್ರಿಪ್ಪು. ಅಮ್ಮಾವ್ರು, ಅಂದ್ರೆ ಅವರ ಮನೆಯವ್ರು, ಔಷಧಿ ತರೋಕೆ ಹೋಗಿದ್ದೇ ತಡ, ನನ್ನ ಹತ್ರ ಕರೆದು ಕೇಳಿದ್ರು, ‘ಈಗ ಹೇಳೋ. ಎಷ್ಟು?’

ಹನ್ನೆರಡು ಅನ್ಬೇಕು ಅಂತ್ಲೇ ಬಾಯಿ ತೆಗೆದೆ. ನಮ್ಮಪ್ಪನ ತಕ್ಕಡಿ ಅಡ್ಡ ಬಂತೋ ಏನೋ, ಹೊರಗೆ ಬಂದಿದ್ದು, ‘ನಾಲ್ಕೂವರೆ ಸಾರ್.’

ಸಾರ್ ನಗೋಕೆ ಶುರು ಮಾಡಿದ್ರು. ಮಂಚ ಅಲ್ಲಾಡ್ತು, ಮಿಷನ್ ಕೂಗ್ತು, ನರ್ಸ್ ಓಡಿಬಂದ್ರು. ‘ಅರ್ಧ ಕೆಜಿ ಏರಿಸ್ಬಿಟ್ಯಾ? ಹಾಗಾದ್ರೆ ಡಾಕ್ಟ್ರು ನಿನ್ನ ಹತ್ರ ಏನೋ ಹೇಳಿದಾರೆ ಕಣೋ!’

ಎರಡೇ ದಿನಕ್ಕೆ ಹೋಗ್ಬುಟ್ರು. ಹನ್ನೆರಡು ಅಂದಿದ್ರೆ ನನ್ನ ಗಂಟೇನು ಹೋಗ್ತಿತ್ತು ಹೇಳಿ?

ಚೌಕಾಸಿ

ಹತ್ತನೇ ದಿನದ ಕರ್ಮ ಶ್ರೀರಂಗಪಟ್ಟಣದ ಪಶ್ಚಿಮವಾಹಿನೀಲಿ. ಸಾರ್‌ಗೆ ಮಕ್ಕಳಿಲ್ಲ, ತಮ್ಮನೇ ಕರ್ತೃ. ಮಂತ್ರ ಹೇಳಿಸ್ತಿದ್ದಿದ್ದು ಅದೇ ಪರದೆ ಪುರೋಹಿತರು. ನಾನು ದೂರದಲ್ಲಿ ಕಲ್ಲಿನ ಮೇಲೆ ನಿಂತಿದ್ದೆ.

ಪಿಂಡ ಇಟ್ರು. ಕಾಗೆ ಬಂದು ಮುಟ್ಬೇಕಲ್ಲ, ಬರ್ಲಿಲ್ಲ. ಮರದ ತುಂಬ ಕಾಗೆ ಇದೆ, ಪಕ್ಕದೋರ ಪಿಂಡಕ್ಕೆ ಜಗಳ ಆಡ್ಕೊಂಡು ತಿಂತಿವೆ, ನಮ್ ಸಾರ್‌ದನ್ನ ತಿರುಗಿಯೂ ನೋಡ್ತಿಲ್ಲ.

‘ಏನೋ ಆಸೆ ಉಳ್ಕೊಂಡಿದೆ. ಹೇಳ್ಕೊಳಿ’ ಅಂದ್ರು ಪುರೋಹಿತರು.

ತಮ್ಮ ಕೈಮುಗಿದು, ‘ಅಣ್ಣ, ಅತ್ತಿಗೇನ ನಾನು ನೋಡ್ಕೋತೀನಿ’ ಅಂದ್ರು. ಕಾಗೆ ಬರ್ಲಿಲ್ಲ. ‘ಕಾಶಿಗೆ ಕರ್ಕೊಂಡು ಹೋಗ್ತೀನಿ.’ ಇಲ್ಲ. ‘ನಿನ್ನ ಹೆಸರಲ್ಲಿ ಅನ್ನದಾನ ಮಾಡಿಸ್ತೀನಿ.’ ಒಂದು ಕಾಗೆ ನಮ್ ಕಡೆಗೆ ಬೆನ್ನು ತಿರುಗಿಸಿ ಕೂತ್ಕೊಂಡ್ತು! ಬಿಸಿಲು ಏರ್ತಿದೆ, ಅಂಗಾಲು ಸುಡ್ತಿದೆ. ‘ದರ್ಭೇಲೇ ಕಾಗೆ ಮಾಡಿ ಮುಟ್ಟಿಸಿ ಮುಗಿಸ್ಬಿಡೋಣ’ ಅಂತ ಪುರೋಹಿತರು ಹೊರಟ್ರು.

ಆಗ ಅಮ್ಮಾವ್ರು ಅಂದ್ರು, ‘ಸ್ವಲ್ಪ ತಡೀರಿ.’ ನನ್ನ ಕಡೆ ತಿರುಗಿದ್ರು. ‘ಬಾಪ್ಪ ಇಲ್ಲಿ. ಆ ಕೆರೆ ವಿಷ್ಯ ನೀನೇ ಹೇಳು.’

‘ಯಾವ ಕೆರೆ ಅಮ್ಮ? ಪಾರಾಯಣ...’

‘ಪಾರಾಯಣಕ್ಕೆ ಯಾರಾದ್ರೂ ಹಸೀ ಹಿಟ್ಟು ತಗೊಂಡು ಹೋಗ್ತಾರೇನಪ್ಪ? ಅಷ್ಟು ವರ್ಷ ಕಲಸಿ ಕೊಟ್ಟಿದ್ದು ನಾನು. ಗೊತ್ತಿಲ್ಲ ಅನ್ನೋ ಹಾಗೆ ಇದ್ದೆ ಅಷ್ಟೇ. ಗೊತ್ತಾಗಿದೆ ಅಂದಿದ್ರೆ ಅವರಿಗೆ ಅರ್ಧ ಮಜಾ ಹೋಗ್ತಿತ್ತು.’

ಪುರೋಹಿತರಿಗೆ ತಲೆಬುಡ ಅರ್ಥ ಆಗ್ಲಿಲ್ಲ. ‘ಏನು ಕೆರೆ, ಏನು ಹಿಟ್ಟು?’

‘ಮೀನು ಹಿಡೀತಿದ್ರು ಸ್ವಾಮಿ, ಉದ್ದದ ರಾಡಲ್ಲಿ’ ಅಂದ್ರು ಅಮ್ಮಾವ್ರು.

ಪುರೋಹಿತರು ದರ್ಭೆ ಹಿಡ್ಕೊಂಡೇ ಯೋಚನೆ ಮಾಡಿದ್ರು. ನನ್ನ ನೋಡಿದ್ರು. ಮುಖ ಬಿಳಚಿಕೊಂಡ್ತು. ‘ಉದ್ದದ ರಾಡು ಅಂದ್ರೆ... ನಮ್ಮನೆ ದೇವರಕೋಣೆ ಬಾಗಿಲಲ್ಲಿ ಎಂಟು ದಿನ...’

‘ತೊಳೆದಿದ್ವಿ ಸ್ವಾಮಿ’ ಅಂದೆ. ಅಮ್ಮಾವ್ರು ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡ್ರು. ಹತ್ತು ದಿನದಲ್ಲಿ ಮೊದಲನೇ ಸಲ ಅವರು ನಕ್ಕಿದ್ದಂತೆ, ಆಮೇಲೆ ತಮ್ಮ ಹೇಳಿದ್ರು.

ನಾನು ಕೈಮುಗಿದು ಮರದ ಕಡೆ ನೋಡ್ದೆ. ‘ಸಾರ್, ಆರು ಕೆಜಿ ಇತ್ತು ಸಾರ್.’

ದೇವರಾಣೆ, ಒಂದು ಕಾಗೆ ಕೊಂಬೆಯಿಂದ ಹಾರಿ ಗೋಡೆ ಮೇಲೆ ಕೂತ್ಕೊಂಡ್ತು!

‘ಎಂಟು.’ ಗೋಡೆಯಿಂದ ಮೆಟ್ಟಿಲಿಗೆ.

‘ಹೇಳಪ್ಪ, ಹೇಳು’ ಅಂತ ತಮ್ಮ ನನ್ನ ಬೆನ್ನಿಗೆ ಗುದ್ದಿದ್ರು. ‘ಹತ್ತು!’ ಪಿಂಡದ ಹತ್ರ ಬಂತು. ಕತ್ತು ಓರೆ ಮಾಡ್ಕೊಂಡು ನನ್ನನ್ನೇ ನೋಡ್ತು, ಥೇಟ್ ಟೀ ಅಂಗಡಿ ಬೆಂಚಲ್ಲಿ ಸಾರ್ ನೋಡ್ತಿದ್ದ ಹಾಗೆ. ನಂಗೆ ಕಣ್ಣಲ್ಲಿ ನೀರು ಬಂದ್ಬುಡ್ತು. ಹೋಗ್ಲಿ ಕಣಪ್ಪೋ, ತಕ್ಕಡಿ ಹಾಳಾಗ್ಲಿ ಅಂತ ಜೋರಾಗಿ ಕೂಗಿದೆ, ‘ಹನ್ನೆರಡು ಸಾರ್! ಹನ್ನೆರಡು ಕೆಜಿ!’

ಕಾಗೆ ಬಾಯಿ ತೆಗೀತು. ತೆಗೆದು... ಒಂದು ಹೆಜ್ಜೆ ಹಿಂದಕ್ಕೆ ಹೋಯ್ತು.

ಅಮ್ಮಾವ್ರು ನನ್ನ ಪಕ್ಕ ಬಂದು ಮೆಲ್ಲಗೆ ಅಂದ್ರು, ‘ನಿದ್ದೇಲಿ ಕನವರಿಸೋವಾಗ ಹದಿನಾಲ್ಕು ಅಂತಿದ್ರಪ್ಪ.’

‘ಹದಿನಾಲ್ಕು!’

ಗಬಕ್ ಅಂತ ಮುಟ್ತು. ಮುಟ್ಟಿದ್ದೇನು, ಅರ್ಧ ಪಿಂಡ ಕಿತ್ಕೊಂಡು ಹಾರ್ತು! ಪುರೋಹಿತರು ಉಳಿದಿದ್ದನ್ನ ಹೊಳೆಗೆ ಬಿಟ್ರು, ಬಿಟ್ಟ ತಕ್ಷಣ ಮೀನೆಲ್ಲ ಮುತ್ಕೊಂಡ್ವು. ನಾನು ಅವುಗಳ ತುಟಿ ನೋಡ್ದೆ. ಸುಮ್ನೆ, ಹಳದಿ ಇದ್ಯಾ ಅಂತ.

ಇಷ್ಟಕ್ಕೇ ಮುಗಿದಿದ್ರೆ ನನ್ನ ಪುಣ್ಯ. ಮುಂದಿನ ಭಾನುವಾರ ನಮ್ಮವ್ವ ಸಂತೆಯಿಂದ ಮೀನು ತಂದು ಸಾರು ಮಾಡಿದ್ಲು. ಮನೆಯೆಲ್ಲ ಘಮಘಮ. ತಟ್ಟೇಲಿ ಮುದ್ದೆ ಬಿತ್ತು. ಅವ್ವ ಸೌಟು ತುಂಬ ಸಾರು ಎತ್ಕೊಂಡು ತಟ್ಟೆ ಮೇಲೆ ಹಿಡಿದು ನಿಲ್ಲಿಸಿದ್ಲು.

‘ಏನ್ಲಾ, ಕಾಗೆ ಮುಂದೆ ಹದ್ನಾಕು ಕೆಜಿ ಅಂದ್ಯಂತೆ? ನಾಕು ಕೆಜಿ ಮೀನು ಬುಟ್ವಿ ಅಂದಿದ್ಕೆ ಹೋಗ್ಲಿ ಅಂತ ಸುಮ್ಕಿದ್ದೆ. ಹದ್ನಾಕು ಕೆಜಿ ಮೀನ ನೀರಿಗೆ ಬುಟ್ಬುಟ್ಟು ಬಂದು, ನಂಗೆ ಬದನೆಕಾಯಿ ಸಾರು ತಿನ್ಸಿದ್ಯಾ? ನಿಮ್ಮಪ್ಪನ ಕೈ ಮುಟ್ಕೊಂಡು ಹೇಳ್ದಂಗೆ ನಿಜ ಹೇಳು. ನಾಕು ಅಂದ್ರೆ ಸಾರು ಹಾಕ್ತೀನಿ.’

ಸಾರಿನ ಹನಿ ಸೌಟಿನ ತುದೀಲಿ ತೂಗ್ತಿದೆ. ಒಳಗೆ ದಪ್ಪನೆ ತುಂಡು ಕಾಣ್ತಿದೆ. ನಾಲ್ಕು ಅನ್ನೋಕೆ ಬಾಯಿ ತೆಗೆದೆ ಕಣ್ರೀ, ಸುಳ್ಳು ಹೇಳಲ್ಲ. ಅಷ್ಟರಲ್ಲಿ ಹಿತ್ತಿಲ ಗೋಡೆ ಮೇಲೆ ಏನೋ ಬಂದು ಕೂತ ಸದ್ದಾಯ್ತು. ತಿರುಗಿ ನೋಡ್ದೆ. ಕಾಗೆ. ಕತ್ತು ಓರೆ ಮಾಡ್ಕೊಂಡು ನನ್ನನ್ನೇ ನೋಡ್ತಿದೆ.

‘ಹದಿನಾಲ್ಕು ಕಣವ್ವ’ ಅಂದೆ.

ಅವತ್ತು ಮುದ್ದೇನ ಮಜ್ಜಿಗೇಲಿ ನುಂಗಿದೆ.